ಕರೆಂಟ್ ಹೋದಾಗಲೆಲ್ಲ ಮರೆಯುವ ಸ್ವಿಚ್: ಕನ್ಸೋಲ್ ಕೇಬಲ್ ನಾನೇ ಜೋಡಿಸಬಹುದೇ?

ಪ್ರಶ್ನೆ: ನಾಪೋಕ್ಲು ಸಮೀಪದ ಕಾಫಿ ತೋಟವೊಂದರ ಲೆಕ್ಕಪತ್ರವನ್ನೂ ಅದೇ ಆವರಣದ ಹೋಂಸ್ಟೇಯನ್ನೂ ನೋಡಿಕೊಳ್ಳುವ ಓದುಗರೊಬ್ಬರು ಹೀಗೆ ಬರೆದಿದ್ದಾರೆ.

"ನಮ್ಮ ಕಚೇರಿಯಲ್ಲಿ ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡ 24 ಪೋರ್ಟ್‌ಗಳ ಸಿಸ್ಕೊ ಕ್ಯಾಟಲಿಸ್ಟ್ 2960 ನೆಟ್‌ವರ್ಕ್ ಸ್ವಿಚ್ ಇದೆ. ಕಚೇರಿಯ ಕಂಪ್ಯೂಟರ್‌ಗಳು, ಕಣ ಮತ್ತು ಗೋಡೌನ್‌ನ ಕ್ಯಾಮೆರಾಗಳು, ಅತಿಥಿಗಳ ವೈಫೈ ಎಲ್ಲವೂ ಅದಕ್ಕೇ ಸೇರಿವೆ. ಮೂರನ್ನೂ ಬೇರೆ ಬೇರೆ ನೆಟ್‌ವರ್ಕ್ ಮಾಡಿಕೊಟ್ಟಿದ್ದಾರೆ. ಆದರೆ ಮಳೆಗಾಲದಲ್ಲಿ ಕರೆಂಟ್ ಹೆಚ್ಚು ಹೊತ್ತು ಹೋಗಿ ಬಂದಾಗಲೆಲ್ಲ ಕ್ಯಾಮೆರಾಗಳು ನನ್ನ ಮೊಬೈಲಿನಲ್ಲಿ ಕಾಣುವುದಿಲ್ಲ. ರೆಕಾರ್ಡರ್‌ಗೆ ಜೋಡಿಸಿದ ಟಿವಿಯಲ್ಲಿ ಮಾತ್ರ ಕಾಣುತ್ತವೆ. ಒಮ್ಮೆ ಅತಿಥಿಯೊಬ್ಬರ ಫೋನಿನಲ್ಲಿ ನಮ್ಮ ಕಚೇರಿಯ ಪ್ರಿಂಟರ್ ಹೆಸರು ಬಂದಿತ್ತು. ಟೆಕ್ನಿಷಿಯನ್ ಬಂದು, ತಿಳಿನೀಲಿ ಬಣ್ಣದ ಕೇಬಲ್ ಜೋಡಿಸಿ, ಕಪ್ಪು ಪರದೆಯಲ್ಲಿ ಹತ್ತು ನಿಮಿಷ ಏನೋ ಟೈಪ್ ಮಾಡಿದರೆ ಎಲ್ಲವೂ ಸರಿಯಾಗುತ್ತದೆ. ಮುಂದಿನ ಸಲ ಕರೆಂಟ್ ಹೋದರೆ ಮತ್ತೆ ಅದೇ ಕಥೆ. ಒಳಗಿನ ಬ್ಯಾಟರಿ ಹೋಗಿದೆ, ಹೊಸ ಸ್ವಿಚ್ ತೆಗೆದುಕೊಳ್ಳಿ ಎನ್ನುತ್ತಾರೆ. ಕಳೆದ ಸಲ ಕೇಬಲನ್ನು ಇಲ್ಲಿಯೇ ಬಿಟ್ಟು, ಪಾಸ್‌ವರ್ಡನ್ನೂ ಬರೆದುಕೊಟ್ಟು ಹೋಗಿದ್ದಾರೆ. ನಾನೇ ಜೋಡಿಸಿ ನೋಡಬಹುದೇ? ಕೇಬಲ್ ಹಾಕಿದರೆ ಸ್ವಿಚ್ ರೀಸೆಟ್ ಆಗುತ್ತದೆ ಎಂದು ಪರಿಚಯದವರು ಹೆದರಿಸಿದ್ದಾರೆ. ಈಗ ಎಲ್ಲ ಸರಿಯಾಗಿ ನಡೆಯುತ್ತಿದೆ. ತಪ್ಪು ಒತ್ತಿ ಅದನ್ನೂ ಕೆಡಿಸಿಬಿಟ್ಟರೆ ಎಂಬ ಭಯ."

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಹೆಣೆದುಕೊಂಡಿವೆ. ಸ್ವಿಚ್ ನಿಜವಾಗಿಯೂ ಕೆಟ್ಟಿದೆಯೇ ಎಂಬುದು ಒಂದು. ಆ ಕಪ್ಪು ಪರದೆಯ ಮುಂದೆ ನೀವು ಕುಳಿತರೆ ಇನ್ನಷ್ಟು ಕೆಡುತ್ತದೆಯೇ ಎಂಬುದು ಇನ್ನೊಂದು. ನೀವು ಕೊಟ್ಟಿರುವ ವಿವರಗಳನ್ನು ಓದಿದರೆ ಸ್ವಿಚ್ ಕೆಟ್ಟಂತೆ ಕಾಣುವುದಿಲ್ಲ. ಅದಕ್ಕೆ ಹೇಳಿಕೊಟ್ಟದ್ದನ್ನು ಅದರೊಳಗೆ ಉಳಿಸಿಟ್ಟಂತೆ ಕಾಣುವುದಿಲ್ಲ. ಆ ತಿಳಿನೀಲಿ ಕೇಬಲನ್ನು, ಅಂದರೆ ಕನ್ಸೋಲ್ ಕೇಬಲನ್ನು, ನೀವೇ ಜೋಡಿಸಬಹುದು. ಯಾವ ಕಮಾಂಡ್ ಬರೀ ತೋರಿಸುತ್ತದೆ, ಯಾವುದು ಬದಲಿಸುತ್ತದೆ, ಯಾವುದು ಅಳಿಸುತ್ತದೆ ಎಂಬ ಗಡಿಯನ್ನು ಮೊದಲು ತಿಳಿದುಕೊಂಡರೆ ಸಾಕು.

ಸ್ವಿಚ್ ಕೆಟ್ಟಿಲ್ಲ ಎಂದು ದೂರದಿಂದಲೇ ಹೇಳುವ ಧೈರ್ಯ ನನಗೆ ಬಂದದ್ದು ನೀವು ಗಮನಿಸಿ ಬರೆದ ಮೂರು ಸಂಗತಿಗಳಿಂದ. ಟಿವಿಯಲ್ಲಿ ಕ್ಯಾಮೆರಾ ಕಾಣುತ್ತದೆ ಎಂದರೆ ಕ್ಯಾಮೆರಾದಿಂದ ರೆಕಾರ್ಡರ್‌ವರೆಗಿನ ದಾರಿ ತೆರೆದೇ ಇದೆ, ಸ್ವಿಚ್ ತನ್ನ ಮೂಲ ಕೆಲಸವನ್ನು ಮಾಡುತ್ತಲೇ ಇದೆ. ಮೊಬೈಲಿನಲ್ಲಿ ಕಾಣುವುದಿಲ್ಲ ಎಂದರೆ ರೆಕಾರ್ಡರ್‌ನಿಂದ ರೌಟರ್ ಮೂಲಕ ಹೊರಗೆ ಹೋಗುವ ದಾರಿ ಮಾತ್ರ ಮುಚ್ಚಿದೆ. ಅತಿಥಿಯ ಫೋನಿಗೆ ಕಚೇರಿಯ ಪ್ರಿಂಟರ್ ಕಂಡಿತು ಎಂದರೆ ಅತಿಥಿಗಳ ವೈಫೈ ಮತ್ತು ಕಚೇರಿಯ ನಡುವೆ ಇದ್ದ ಗೋಡೆ ಬಿದ್ದಿದೆ. ಮೂರನ್ನೂ ಸೇರಿಸಿ ನೋಡಿದರೆ ಒಂದೇ ಚಿತ್ರ ಮೂಡುತ್ತದೆ. ಒಂದೇ ಸ್ವಿಚ್‌ನೊಳಗೆ ಪ್ರತ್ಯೇಕ ನೆಟ್‌ವರ್ಕ್‌ಗಳನ್ನು ಮಾಡಿಕೊಡುವ ವಿಲ್ಯಾನ್ ವ್ಯವಸ್ಥೆ ಹೊರಟುಹೋಗಿ, ಎಲ್ಲ ಪೋರ್ಟ್‌ಗಳೂ ಕಾರ್ಖಾನೆಯಿಂದ ಬಂದಂತೆ ಒಂದನೇ ವಿಲ್ಯಾನ್‌ಗೆ ಮರಳಿವೆ. ಯಂತ್ರ ಸುಟ್ಟಿದ್ದರೆ ಪೋರ್ಟ್‌ಗಳು ಸಾಯುತ್ತಿದ್ದವು, ದೀಪಗಳು ಆರುತ್ತಿದ್ದವು, ಅಥವಾ ಸ್ವಿಚ್ ತಾನಾಗಿಯೇ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿತ್ತು. ಪ್ರತಿ ಸಲವೂ ಹತ್ತು ನಿಮಿಷದ ಟೈಪಿಂಗ್‌ನಿಂದ ಪೂರ್ತಿ ಸರಿಹೋಗುವ ಯಂತ್ರದೋಷವನ್ನು ನಾನು ಕಂಡಿಲ್ಲ.

ಹಾಗಾದರೆ ಅದು ಮರೆಯುವುದೇಕೆ? ಇಂಥ ಸ್ವಿಚ್ ತನ್ನ ಕಾನ್ಫಿಗರೇಷನ್‌ನ, ಅಂದರೆ ಹೇಗೆ ಕೆಲಸ ಮಾಡಬೇಕೆಂದು ಹೇಳುವ ಸೆಟ್ಟಿಂಗ್‌ಗಳ, ಎರಡು ಪ್ರತಿಗಳನ್ನು ಇಟ್ಟುಕೊಳ್ಳುತ್ತದೆ. ಈ ಕ್ಷಣ ಯಾವುದರಂತೆ ಕೆಲಸ ಮಾಡುತ್ತಿದೆಯೋ ಅದು ರನ್ನಿಂಗ್ ಕಾನ್ಫಿಗ್; ಅದು ಇರುವುದು ರ‍್ಯಾಮ್‌ನಲ್ಲಿ, ವಿದ್ಯುತ್ ಹೋದೊಡನೆ ಅಳಿಯುತ್ತದೆ. ಆನ್ ಆಗುವಾಗ ಸ್ವಿಚ್ ಓದಿಕೊಳ್ಳುವ ಪ್ರತಿ ಸ್ಟಾರ್ಟಪ್ ಕಾನ್ಫಿಗ್. ಅದು ನಿಮ್ಮ ಮಾದರಿಯಲ್ಲಿ ಫ್ಲ್ಯಾಶ್ ಮೆಮೊರಿಯೊಳಗೆ ಒಂದು ಸಣ್ಣ ಫೈಲಾಗಿ ಇರುತ್ತದೆ. ಕಪ್ಪು ಪರದೆಯಲ್ಲಿ ಟೈಪ್ ಮಾಡಿದ ಬದಲಾವಣೆ ಎಂಟರ್ ಒತ್ತಿದ ಕೂಡಲೇ ಮೊದಲನೆಯದಕ್ಕೆ ಸೇರಿ ಜಾರಿಗೆ ಬರುತ್ತದೆ. ಎರಡನೆಯದಕ್ಕೆ ತಾನಾಗಿ ಹೋಗುವುದಿಲ್ಲ. ನೀವು ತೋಟದ ಲೆಕ್ಕ ನೋಡುವವರಾದ್ದರಿಂದ ಹೀಗೆ ಹೇಳಬಹುದು: ಇಂದು ಎಷ್ಟು ಆಳು ಬಂದರು, ಯಾರು ಯಾವ ಬ್ಲಾಕ್‌ನಲ್ಲಿ ಕಾಫಿ ಕೊಯ್ದರು ಎಂಬುದು ರೈಟರ ತಲೆಯಲ್ಲಿ ಸರಿಯಾಗಿಯೇ ಇದೆ, ದಿನದ ಕೆಲಸವೂ ಸಲೀಸಾಗಿ ನಡೆದಿದೆ, ಆದರೆ ಸಂಜೆ ಚೆಕ್‌ರೋಲ್‌ನಲ್ಲಿ (ಆಳುಗಳ ಹಾಜರಿ ಪುಸ್ತಕದಲ್ಲಿ) ಬರೆದಿಲ್ಲ. ಮರುದಿನ ಬೇರೊಬ್ಬರು ಚೆಕ್‌ರೋಲ್ ತೆರೆದರೆ ಅಲ್ಲಿ ಕಾಣುವುದು ಹಳೆಯ ಪುಟ ಮಾತ್ರ. ನಿಮ್ಮ ಸ್ವಿಚ್‌ನಲ್ಲಿ ಆಗುತ್ತಿರುವುದು ಬಹುಮಟ್ಟಿಗೆ ಇದೇ. ನೆಟ್‌ವರ್ಕ್ ನೋಡಿಕೊಳ್ಳುವ ನಮ್ಮ ಕೆಲಸದಲ್ಲಿ ಒಬ್ಬರು ಇನ್ನೊಬ್ಬರನ್ನು ಕೇಳುವ ಮೊದಲ ಪ್ರಶ್ನೆಯೇ "ರೈಟ್ ಮಾಡಿದಿರಾ?", ಅಂದರೆ ಉಳಿಸಿದಿರಾ, ಎಂಬುದು.

ಬದಲಾವಣೆಯನ್ನು ಯಂತ್ರವೇ ಉಳಿಸಿಕೊಳ್ಳುವಂತೆ ಏಕೆ ಮಾಡಿಲ್ಲ ಎಂದು ನೀವು ಕೇಳಬಹುದು. ಅದಕ್ಕೆ ಗಟ್ಟಿಯಾದ ಕಾರಣವಿದೆ, ಅದನ್ನು ನಾನು ಅನುಭವದಿಂದ ಕಲಿತಿದ್ದೇನೆ. ಹಲವು ವರ್ಷಗಳ ಹಿಂದೆ ಕುಶಾಲನಗರದಲ್ಲಿ ಕುಳಿತು, ಸೋಮವಾರಪೇಟೆ ಕಡೆಯ ಸಂಸ್ಥೆಯೊಂದರ ಸ್ವಿಚ್‌ಗೆ ದೂರದಿಂದಲೇ ಒಂದು ಹೊಸ ವಿಲ್ಯಾನ್ ಸೇರಿಸುತ್ತಿದ್ದೆ. ಮುಖ್ಯ ಕೊಂಡಿಯಲ್ಲಿ ಈಗಾಗಲೇ ಹಾದುಹೋಗುತ್ತಿದ್ದ ವಿಲ್ಯಾನ್‌ಗಳ ಜೊತೆಗೆ 30ನೆಯದನ್ನೂ ಬಿಡು ಎನ್ನಲು "ಸ್ವಿಚ್‌ಪೋರ್ಟ್ ಟ್ರಂಕ್ ಅಲೋಡ್ ವಿಲ್ಯಾನ್ ಆಡ್ 30" ಎಂದು ಬರೆಯಬೇಕು. ನಾನು "ಆಡ್" ಎಂಬ ಪದವನ್ನು ಬಿಟ್ಟೆ. ಆ ಪದವಿಲ್ಲದಿದ್ದರೆ ಸ್ವಿಚ್ ಅರ್ಥ ಮಾಡಿಕೊಳ್ಳುವುದು "30 ಒಂದನ್ನೇ ಬಿಡು, ಉಳಿದವನ್ನೆಲ್ಲ ತಡೆ" ಎಂದು. ಎಂಟರ್ ಒತ್ತಿದ ಮರುಕ್ಷಣ ನನ್ನ ಪರದೆ ಸ್ತಬ್ಧವಾಯಿತು. ಅಲ್ಲಿನ ಇಡೀ ಕಚೇರಿ ಹೊರಜಗತ್ತಿನಿಂದ ಕಡಿದುಹೋಗಿತ್ತು. ಬದಲಾವಣೆಯನ್ನು ಇನ್ನೂ ಉಳಿಸಿರಲಿಲ್ಲವಾದ್ದರಿಂದ ಅಲ್ಲಿನ ಕಾವಲುಗಾರರಿಗೆ ಫೋನ್ ಮಾಡಿ, ಸ್ವಿಚ್‌ನ ಪ್ಲಗ್ ಕಿತ್ತು ಹತ್ತು ಎಣಿಸಿ ಮತ್ತೆ ಹಾಕಿ ಎಂದೆ. ಎರಡು ಮೂರು ನಿಮಿಷದಲ್ಲಿ ಅದು ಹಳೆಯ, ಸರಿಯಾದ ಪ್ರತಿಯನ್ನು ಓದಿಕೊಂಡು ಎದ್ದಿತು. ತಪ್ಪಿನಿಂದ ಹಿಂದಿರುಗಲು ದಾರಿ ಇರಲೆಂದೇ ಎರಡು ಪ್ರತಿಗಳನ್ನು ಇಟ್ಟಿರುವುದು. ಅಂದು ನನ್ನನ್ನು ಕಾಪಾಡಿದ ಗುಣವೇ ಇಂದು ನಿಮ್ಮನ್ನು ಕಾಡುತ್ತಿದೆ.

ಇನ್ನು ಬ್ಯಾಟರಿಯ ಮಾತು. ನಿಮ್ಮ ಟೆಕ್ನಿಷಿಯನ್ ಇದನ್ನು ಬೇಕೆಂದು ಹೇಳಿದ್ದಾರೆ ಎಂದು ನನಗನಿಸುವುದಿಲ್ಲ. ಡೆಸ್ಕ್‌ಟಾಪ್ ಕಂಪ್ಯೂಟರ್‌ನ ಮದರ್‌ಬೋರ್ಡ್‌ನಲ್ಲಿ ಗುಂಡಿಯಾಕಾರದ ಬ್ಯಾಟರಿ ಇರುವುದರಿಂದ ಇಲ್ಲಿಯೂ ಹಾಗೇ ಇರಬೇಕು ಎಂಬ ನಂಬಿಕೆ ಸಾಮಾನ್ಯ. ಫ್ಲ್ಯಾಶ್ ಮೆಮೊರಿಯಲ್ಲಿ ಬರೆದದ್ದು ಉಳಿಯಲು ಬ್ಯಾಟರಿ ಬೇಕಿಲ್ಲ. ನಿಮ್ಮ ಜೇಬಿನ ಪೆನ್‌ಡ್ರೈವ್‌ನಲ್ಲಿ ಫೈಲ್ ಉಳಿಯುವ ಹಾಗೆಯೇ ಇದೂ ಉಳಿಯುತ್ತದೆ. ಬ್ಯಾಟರಿ ಇಲ್ಲದ್ದರಿಂದ ಈ ಮಾದರಿಯ ಸ್ವಿಚ್ ನಿಜವಾಗಿ ಕಳೆದುಕೊಳ್ಳುವುದು ಗಡಿಯಾರವನ್ನು. ಹೊರಗಿನಿಂದ ಸಮಯ ಹೇಳಿಕೊಡುವ ವ್ಯವಸ್ಥೆ ಇಲ್ಲದಿದ್ದರೆ ಅದು ಪ್ರತಿ ಸಲ ಆನ್ ಆದಾಗಲೂ 1993ರ ಮಾರ್ಚ್ 1ರ ಮಧ್ಯರಾತ್ರಿಯಿಂದ ಎಣಿಸಲು ಆರಂಭಿಸುತ್ತದೆ. ಮೂವತ್ತು ವರ್ಷ ಹಿಂದಿನ ತಾರೀಖನ್ನು ಪರದೆಯಲ್ಲಿ ಕಂಡವರು ಬ್ಯಾಟರಿ ಸತ್ತಿದೆ ಎಂದು ತೀರ್ಮಾನಿಸುವುದು ಸಹಜ. ಹೊಸ ಸ್ವಿಚ್ ತಂದು ಅದರಲ್ಲೂ ಉಳಿಸುವ ಕಮಾಂಡ್ ಕೊಡದಿದ್ದರೆ ಮುಂದಿನ ಕತ್ತಲೆಯಲ್ಲಿ ಅದೂ ಹೀಗೆಯೇ ಮರೆಯುತ್ತದೆ.

ಕೇಬಲ್ ಚುಚ್ಚಿದರೆ ಸ್ವಿಚ್ ರೀಸೆಟ್ ಆಗುತ್ತದೆ ಎಂಬ ಮಾತೂ ನಿಜವಲ್ಲ. ಕನ್ಸೋಲ್ ಪೋರ್ಟ್ ಎಂದರೆ ಸ್ವಿಚ್‌ನೊಡನೆ ಅಕ್ಷರಗಳಲ್ಲಿ ಮಾತಾಡುವ ಒಂದು ಕಿಟಕಿ. ಅದಕ್ಕೆ ಐಪಿ ವಿಳಾಸ ಬೇಡ, ಇಂಟರ್ನೆಟ್ ಬೇಡ. ಉಳಿದ 24 ಪೋರ್ಟ್‌ಗಳಲ್ಲಿ ಹರಿಯುವ ದತ್ತಾಂಶಕ್ಕೂ ಅದಕ್ಕೂ ಸಂಬಂಧವಿಲ್ಲ. ಜೋಡಿಸಿದರೂ, ಕೆಲಸದ ನಡುವೆ ಕಿತ್ತರೂ ಕ್ಯಾಮೆರಾ, ವೈಫೈ ಯಾವುದೂ ನಿಲ್ಲುವುದಿಲ್ಲ. ಈ ಭಯ ಎಲ್ಲಿಂದ ಹುಟ್ಟಿರಬಹುದು ಎಂಬ ಅಂದಾಜು ನನಗಿದೆ. ಕೆಲವು ಯುಪಿಎಸ್‌ಗಳ ಸೀರಿಯಲ್ ಪೋರ್ಟ್‌ಗೆ ಅದರದೇ ವಿಶೇಷ ಕೇಬಲ್ ಬಿಟ್ಟು ಸಾಧಾರಣ ಸೀರಿಯಲ್ ಕೇಬಲ್ ಹಾಕಿದರೆ ಯುಪಿಎಸ್ ಆಫ್ ಆಗಿಬಿಡುತ್ತದೆ. ಅದರ ಹಿಂದೆ ಇಡೀ ಕಚೇರಿ ಕತ್ತಲಾಗುತ್ತದೆ. ಆದ್ದರಿಂದ ಒಂದು ಎಚ್ಚರ: ಈ ತಿಳಿನೀಲಿ ಕೇಬಲ್ ಹೋಗಬೇಕಾದದ್ದು ಸ್ವಿಚ್‌ನಲ್ಲಿ "ಕನ್ಸೋಲ್" ಎಂದು ಬರೆದಿರುವ, ನಿಮ್ಮ ಮಾದರಿಯಲ್ಲಿ ಸಾಮಾನ್ಯವಾಗಿ ಹಿಂಬದಿಯಲ್ಲಿರುವ ಪೋರ್ಟ್‌ಗೆ ಮಾತ್ರ. ನೋಡಲು ಅದು ಮಾಮೂಲಿ ನೆಟ್‌ವರ್ಕ್ ಪೋರ್ಟಿನಂತೆಯೇ ಇರುತ್ತದೆ.

ಜೋಡಿಸುವ ವಿಷಯದಲ್ಲಿ ಹೆಚ್ಚು ಸಮಯ ತಿನ್ನುವುದು ಸ್ವಿಚ್ ಅಲ್ಲ, ಲ್ಯಾಪ್‌ಟಾಪ್. ಕೇಬಲ್‌ನ ಇನ್ನೊಂದು ತುದಿ ಸೇರಬೇಕಾದ ಸೀರಿಯಲ್ ಪೋರ್ಟ್ ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲದಿರುವುದರಿಂದ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಅಡಾಪ್ಟರ್ ಬೇಕು. ತೀರಾ ಅಗ್ಗದವುಗಳಲ್ಲಿ ನಕಲಿ ಚಿಪ್ ಇರುವುದುಂಟು. ವಿಂಡೋಸ್‌ನ ಡ್ರೈವರ್ ಅದನ್ನು ಒಪ್ಪದೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ತೋರಿಸುತ್ತದೆ. ಹಾಗಾದರೆ ಒದ್ದಾಡದೆ ಬೇರೆ ಅಡಾಪ್ಟರ್ ತರಿಸಿ. ಸರಿಯಾಗಿದ್ದರೆ ಅದೇ ಜಾಗದಲ್ಲಿ ಕಾಮ್ 3, ಕಾಮ್ 5 ಎಂಬಂತೆ ಒಂದು ಸಂಖ್ಯೆ ಕಾಣುತ್ತದೆ. ಪುಟ್ಟಿ ಎಂಬ ಉಚಿತ ತಂತ್ರಾಂಶದಲ್ಲಿ ಸೀರಿಯಲ್ ಆಯ್ದು, ಆ ಕಾಮ್ ಸಂಖ್ಯೆಯನ್ನು ಕೊಟ್ಟು, ವೇಗ 9600, ಡೇಟಾ ಬಿಟ್ 8, ಪ್ಯಾರಿಟಿ ಇಲ್ಲ, ಸ್ಟಾಪ್ ಬಿಟ್ 1, ಫ್ಲೋ ಕಂಟ್ರೋಲ್ ಇಲ್ಲ ಎಂದು ಹೊಂದಿಸಿ. ತೆರೆದ ಪರದೆ ಖಾಲಿಯಾಗಿದ್ದರೆ ಗಾಬರಿಯಾಗದೆ ಎರಡು ಮೂರು ಸಲ ಎಂಟರ್ ಒತ್ತಿ. ನೀವು ಮಾತಾಡಿಸುವವರೆಗೆ ಅದು ಮಾತಾಡುವುದಿಲ್ಲ. ಅರ್ಥವಿಲ್ಲದ ಚಿಹ್ನೆಗಳು ಬಂದರೆ ವೇಗ ಹೊಂದಿಲ್ಲ ಎಂದರ್ಥ. ಬರಹ ಸರಿಯಾಗಿ ಬಂದು, ನೀವು ಟೈಪ್ ಮಾಡಿದ್ದು ಮಾತ್ರ ಒಳಗೆ ಹೋಗದಿದ್ದರೆ ಫ್ಲೋ ಕಂಟ್ರೋಲ್ ನೋಡಿ.

ಇಲ್ಲಿಂದ ಮುಂದೆ ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು. ಪರದೆಯ ಎಡತುದಿಯಲ್ಲಿ ಸ್ವಿಚ್‌ನ ಹೆಸರು, ಅದರ ಪಕ್ಕ ಒಂದು ಗುರುತು ಕಾಣುತ್ತದೆ. ಆ ಗುರುತನ್ನು ಓದುವ ಅಭ್ಯಾಸವೇ ನಿಮ್ಮ ಅತಿ ದೊಡ್ಡ ರಕ್ಷಣೆ. ">" ಇದ್ದರೆ ನೀವು ಹೊಸ್ತಿಲಲ್ಲಿ ನಿಂತಿದ್ದೀರಿ, ಕೆಲವನ್ನು ಮಾತ್ರ ನೋಡಬಹುದು. "ಎನೇಬಲ್" ಎಂದು ಪಾಸ್‌ವರ್ಡ್ ಕೊಟ್ಟರೆ ಅದು "#" ಆಗುತ್ತದೆ. ಇಲ್ಲಿ ಎಲ್ಲವನ್ನೂ ನೋಡಬಹುದು, ಉಳಿಸಬಹುದು, ಅಳಿಸಲೂಬಹುದು. "ಕಾನ್ಫಿಗರ್ ಟರ್ಮಿನಲ್" ಎಂದರೆ ಹೆಸರಿನ ಪಕ್ಕದ ಆವರಣದೊಳಗೆ "ಕಾನ್ಫಿಗ್" ಎಂಬ ಪದ ಸೇರಿಕೊಳ್ಳುತ್ತದೆ. ಅಲ್ಲಿ ಟೈಪ್ ಮಾಡುವ ಪ್ರತಿ ಸಾಲೂ ತಕ್ಷಣ ಜಾರಿಗೆ ಬರುತ್ತದೆ. ನಿಮ್ಮ ಈಗಿನ ಕೆಲಸಕ್ಕೆ ಆ ಮೂರನೆಯ ಕೋಣೆಗೆ ಹೋಗುವ ಅಗತ್ಯವೇ ಇಲ್ಲ. ಆವರಣದೊಳಗೆ ಆ ಪದ ಕಂಡರೆ "ಎಂಡ್" ಎಂದು ಟೈಪ್ ಮಾಡಿ ಹೊರಗೆ ಬನ್ನಿ.

"ಶೋ" ಎಂದು ಆರಂಭವಾಗುವ ಕಮಾಂಡ್‌ಗಳು ಬರೀ ತೋರಿಸುತ್ತವೆ. ಅವು ಯಾವ ಸೆಟ್ಟಿಂಗನ್ನೂ ಮುಟ್ಟುವುದಿಲ್ಲ. ತಪ್ಪು ಕಾಗುಣಿತ ಹಾಕಿದರೆ ಸ್ವಿಚ್ ತಪ್ಪಿದ ಅಕ್ಷರದ ಕೆಳಗೆ ಒಂದು ಸಣ್ಣ ಬಾಣದ ಗುರುತು ಹಾಕಿ ಸುಮ್ಮನಾಗುತ್ತದೆ. ಗುರುತೇ ಸಿಗದ ಒಂಟಿ ಪದ ಟೈಪ್ ಮಾಡಿದರೆ ಅದನ್ನು ಯಾವುದೋ ಕಂಪ್ಯೂಟರ್‌ನ ಹೆಸರೆಂದು ತಿಳಿದು ಅರ್ಧ ನಿಮಿಷ ಹುಡುಕುತ್ತಾ ನಿಲ್ಲಬಹುದು. ಅದು ಹ್ಯಾಂಗ್ ಆದದ್ದಲ್ಲ, ಕಾಯಿರಿ. ಮುಂದಿನ ಪದ ಏನಿರಬೇಕು ಎಂದು ಗೊತ್ತಾಗದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಪಟ್ಟಿ ಕೊಡುತ್ತದೆ. ನಿಜವಾಗಿ ಹೆದರಬೇಕಾದ ಪದಗಳು ಬೆರಳೆಣಿಕೆಯಷ್ಟೇ: "ಇರೇಸ್", "ಡಿಲೀಟ್", "ಫಾರ್ಮ್ಯಾಟ್", ಸ್ವಿಚ್ಚನ್ನು ರೀಸ್ಟಾರ್ಟ್ ಮಾಡುವ "ರೀಲೋಡ್", ಮತ್ತು ಸ್ವಿಚ್‌ನ ಪ್ರೊಸೆಸರನ್ನೇ ಉಸಿರುಗಟ್ಟಿಸಬಲ್ಲ "ಡೀಬಗ್". ಉಳಿಸುವ "ರೈಟ್ ಮೆಮೊರಿ"ಗೂ ಎಲ್ಲವನ್ನೂ ಅಳಿಸುವ "ರೈಟ್ ಇರೇಸ್"ಗೂ ಒಂದೇ ಪದದ ಅಂತರ. ಅದಕ್ಕೇ ಹೊಸಬರಿಗೆ ನಾನು ರೈಟ್ ಎಂಬ ಕಿರುದಾರಿಯನ್ನು ಕಲಿಸುವುದೇ ಇಲ್ಲ, ಉದ್ದವಾದ "ಕಾಪಿ" ಕಮಾಂಡನ್ನೇ ಕಲಿಸುತ್ತೇನೆ.

ಎಲ್ಲವೂ ಸರಿಯಾಗಿ ನಡೆಯುತ್ತಿರುವ ಈಗ ಒಮ್ಮೆ "ಶೋ ವಿಲ್ಯಾನ್ ಬ್ರೀಫ್" ನೋಡಿ. ಎಡಗಡೆ ವಿಲ್ಯಾನ್ ಸಂಖ್ಯೆ, ನಡುವೆ ಹೆಸರು, ಬಲಗಡೆ ಆ ವಿಲ್ಯಾನ್‌ಗೆ ಸೇರಿದ ಪೋರ್ಟ್‌ಗಳು ಇರುತ್ತವೆ. ಕ್ಯಾಮೆರಾಗಳ ಸಾಲಿನ ಎದುರು ಕೆಲವು ಪೋರ್ಟ್‌ಗಳು, ಅತಿಥಿ ವೈಫೈನ ಸಾಲಿನ ಎದುರು ಒಂದೆರಡು ಪೋರ್ಟ್‌ಗಳು ಕಾಣಬೇಕು. ರೌಟರ್‌ಗೆ ಹೋಗುವ ಮುಖ್ಯ ಪೋರ್ಟ್ ಈ ಪಟ್ಟಿಯಲ್ಲಿ ಎಲ್ಲಿಯೂ ಕಾಣದಿದ್ದರೆ ಗಾಬರಿ ಬೇಡ. ಎಲ್ಲ ವಿಲ್ಯಾನ್‌ಗಳನ್ನೂ ಹೊತ್ತೊಯ್ಯುವ ಟ್ರಂಕ್ ಪೋರ್ಟನ್ನು ಈ ಪಟ್ಟಿ ತೋರಿಸುವುದಿಲ್ಲ. 1002ರಿಂದ 1005ರವರೆಗಿನ ನಾಲ್ಕು ಸಾಲುಗಳು ಕಾರ್ಖಾನೆಯಿಂದಲೇ ಬಂದವು, ಅವನ್ನು ಮರೆತುಬಿಡಿ. ಮುಂದೆ ಎಂದಾದರೂ ಕರೆಂಟ್ ಹೋಗಿ ಬಂದ ಮೇಲೆ ಇದೇ ಪಟ್ಟಿಯನ್ನು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ವಿಲ್ಯಾನ್‌ಗಳ ಹೆಸರುಗಳು ಹಾಗೇ ಇರಬಹುದು, ಏಕೆಂದರೆ ಅವು ಸಾಮಾನ್ಯವಾಗಿ ಬೇರೊಂದು ಫೈಲಿನಲ್ಲಿ ತಾವಾಗಿ ಉಳಿಯುತ್ತವೆ. ಆದರೆ ಬಲಗಡೆಯ ಅಂಕಣ ಖಾಲಿಯಾಗಿ, ಎಲ್ಲ ಪೋರ್ಟ್‌ಗಳೂ ಒಂದನೇ ಸಾಲಿನಲ್ಲಿ ಗುಂಪಾಗಿ ನಿಂತಿರುತ್ತವೆ. ಹೆಸರು ಉಳಿದು ಪೋರ್ಟ್ ಅಳಿದಿರುವ ಆ ನೋಟವೇ ಉಳಿಸದೆ ಬಿಟ್ಟದ್ದಕ್ಕೆ ನೇರ ಸಾಕ್ಷಿ.

ಉಳಿಸುವ ಮೊದಲು ಒಂದು ಪ್ರತಿಯನ್ನು ಹೊರಗೆ ತೆಗೆದಿಡಿ. ಪುಟ್ಟಿಯಲ್ಲಿ ಪರದೆಯ ಮೇಲೆ ಬಂದದ್ದನ್ನೆಲ್ಲ ಫೈಲಿಗೆ ಬರೆಯುವ ಲಾಗಿಂಗ್ ಸೌಲಭ್ಯವಿದೆ. ಅದನ್ನು ಆನ್ ಮಾಡಿ, ಪುಟಪುಟಕ್ಕೂ ನಿಲ್ಲದಿರಲು "ಟರ್ಮಿನಲ್ ಲೆಂತ್ 0" ಎಂದು ಕೊಟ್ಟು, ನಂತರ "ಶೋ ರನ್ನಿಂಗ್-ಕಾನ್ಫಿಗ್" ಕೊಡಿ. ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇಡಿ, ಇನ್ನೊಂದನ್ನು ಮುದ್ರಿಸಿಕೊಳ್ಳಿ. ಅದರಲ್ಲಿ ಪಾಸ್‌ವರ್ಡ್‌ಗಳು ಯಾವುದಾದರೂ ರೂಪದಲ್ಲಿ ಇರುತ್ತವೆ, ಕೆಲವು ರೂಪಗಳನ್ನು ಸುಲಭವಾಗಿ ಬಿಡಿಸಬಹುದು. ಆದ್ದರಿಂದ ಅದನ್ನು ಮೇಜಿನ ಮೇಲೆ ಬಿಡದೆ ತೋಟದ ದಾಖಲೆಗಳ ಜೊತೆ ಬೀರುವಿನಲ್ಲಿ ಇಡಿ. ಯಾರಿಗೂ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಬೇಡಿ.

ನಂತರ ಉಳಿಸಿ: "ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್". ಫೈಲಿನ ಹೆಸರೇನೆಂದು ಕೇಳುತ್ತದೆ. ಆವರಣದೊಳಗೆ ತೋರಿಸಿರುವ ಹೆಸರನ್ನು ಬದಲಿಸದೆ ಎಂಟರ್ ಒತ್ತಿ. "ಬಿಲ್ಡಿಂಗ್ ಕಾನ್ಫಿಗರೇಷನ್" ಎಂಬ ಸಾಲು ಬಂದು, ಕೆಲವು ಕ್ಷಣಗಳ ಮೇಲೆ "ಓಕೆ" ಬೀಳುತ್ತದೆ. ಅಷ್ಟಕ್ಕೇ ನಂಬಿ ಏಳಬೇಡಿ. "ಶೋ ಸ್ಟಾರ್ಟಪ್-ಕಾನ್ಫಿಗ್" ಕೊಟ್ಟು, ಕ್ಯಾಮೆರಾ ಪೋರ್ಟ್‌ಗಳ ಕೆಳಗೆ "ಸ್ವಿಚ್‌ಪೋರ್ಟ್ ಆ್ಯಕ್ಸೆಸ್ ವಿಲ್ಯಾನ್" ಎಂಬ ಸಾಲುಗಳು ಇವೆಯೇ ಎಂದು ಮುದ್ರಿತ ಹಾಳೆಯ ಪಕ್ಕದಲ್ಲಿಟ್ಟು ಓದಿ.

ಇಲ್ಲಿ ಒಂದು ಅಪಾಯವನ್ನು ಒತ್ತಿ ಹೇಳಬೇಕು, ಏಕೆಂದರೆ ಇಡೀ ಉತ್ತರದಲ್ಲಿ ನೀವು ತಪ್ಪಬಹುದಾದ ಜಾಗ ಇದೊಂದೇ. ಉಳಿಸುವ ಕಮಾಂಡ್‌ಗೆ ಸರಿ ತಪ್ಪು ಗೊತ್ತಿಲ್ಲ; ಈ ಕ್ಷಣ ಏನಿದೆಯೋ ಅದನ್ನು ಹಳೆಯದರ ಮೇಲೆ ಬರೆಯುತ್ತದೆ. ಕರೆಂಟ್ ಬಂದ ಮೇಲೆ ಸ್ವಿಚ್ ಎಲ್ಲವನ್ನೂ ಮರೆತು ನಿಂತಿರುವಾಗ ಗಡಿಬಿಡಿಯಲ್ಲಿ ಉಳಿಸಿದರೆ ಆ ಮರೆವೇ ದಾಖಲೆಯಾಗುತ್ತದೆ. ಆದ್ದರಿಂದ ಕ್ಯಾಮೆರಾ ಮೊಬೈಲಿನಲ್ಲಿ ಕಾಣುತ್ತಿದೆ, ಅತಿಥಿ ವೈಫೈಗೆ ಸೇರಿದ ಫೋನಿಗೆ ಕಚೇರಿಯ ಪ್ರಿಂಟರ್ ಕಾಣುತ್ತಿಲ್ಲ ಎಂಬ ಎರಡನ್ನೂ ಮೊದಲು ಕಣ್ಣಾರೆ ನೋಡಿ, ಆಮೇಲೆ ಉಳಿಸಿ. ಈಗ ಎಲ್ಲ ಸರಿಯಿದೆ ಎಂದು ಬರೆದಿದ್ದೀರಿ. ಅದಕ್ಕಾಗಿಯೇ ಇಂದೇ ಮಾಡಿ, ಮುಂದಿನ ಗಾಳಿಮಳೆಯವರೆಗೆ ಮುಂದೂಡಬೇಡಿ. ಅಷ್ಟರೊಳಗೆ ಮತ್ತೆ ಕರೆಂಟ್ ಹೋಗಿಬಿಟ್ಟರೆ ಟೆಕ್ನಿಷಿಯನ್ ಬಂದು ಸರಿಪಡಿಸಲಿ, ಅವರು ಏಳುವ ಮುನ್ನ ನಿಮ್ಮ ಎದುರೇ ಉಳಿಸಲಿ. ಹಿಂದೆ ತೆಗೆದಿಟ್ಟ ಪಠ್ಯವನ್ನು ನೀವೇ ಪರದೆಗೆ ಪೇಸ್ಟ್ ಮಾಡುವ ದಾರಿಯೂ ಇದೆ. ಆದರೆ 9600 ವೇಗದ ಕನ್ಸೋಲ್ ಸೆಕೆಂಡಿಗೆ ಸುಮಾರು 960 ಅಕ್ಷರಗಳನ್ನಷ್ಟೇ ನುಂಗುತ್ತದೆ, ಒಮ್ಮೆಲೇ ಸುರಿದರೆ ನಡುವೆ ಅಕ್ಷರಗಳು ಬಿದ್ದುಹೋಗಿ ಅರ್ಧ ಕಮಾಂಡ್‌ಗಳು ಒಳಸೇರುತ್ತವೆ. ಮೊದಲ ಸಲಕ್ಕೆ ಅದು ಬೇಡ.

ಉಳಿಸಿದ ಮೇಲೂ ಮರೆತರೆ? ಆಗ ಫ್ಲ್ಯಾಶ್ ಮೆಮೊರಿಯನ್ನು ಅನುಮಾನಿಸಬೇಕು. "ಡಿರ್ ಫ್ಲ್ಯಾಶ್:" ಎಂಬುದು ಒಳಗಿನ ಫೈಲ್‌ಗಳನ್ನೂ ಕೊನೆಯ ಸಾಲಿನಲ್ಲಿ ಉಳಿದ ಜಾಗವನ್ನೂ ತೋರಿಸುತ್ತದೆ. ಕಾನ್ಫಿಗರೇಷನ್‌ಗೆ ಕೆಲವೇ ಕಿಲೋಬೈಟ್ ಸಾಕು. ಆದರೆ ಸೆಕೆಂಡ್ ಹ್ಯಾಂಡ್ ಸ್ವಿಚ್‌ಗಳಲ್ಲಿ ಹಿಂದಿನವರು ತುಂಬಿಟ್ಟ ಎರಡೆರಡು ಸಾಫ್ಟ್‌ವೇರ್ ಪ್ರತಿಗಳಿಂದ ಅಷ್ಟೂ ಜಾಗ ಉಳಿಯದಿರುವುದುಂಟು. ಯಾವುದನ್ನು ತೆಗೆಯಬೇಕು ಎಂಬುದನ್ನು ನೀವು ನಿರ್ಧರಿಸಬೇಡಿ; ಸ್ವಿಚ್ ಓಡುತ್ತಿರುವ ಸಾಫ್ಟ್‌ವೇರನ್ನೇ ಅಳಿಸಿದರೆ ಅದು ಮತ್ತೆ ಏಳುವುದಿಲ್ಲ. ಜಾಗವಿದ್ದೂ ಉಳಿಸುವಾಗ "ಓಕೆ" ಬದಲು ದೋಷದ ಸಂದೇಶ ಬಂದರೆ, ಅಥವಾ ಈಗಷ್ಟೇ ಉಳಿಸಿದ ಸ್ಟಾರ್ಟಪ್ ಪ್ರತಿ ರೀಸ್ಟಾರ್ಟ್ ಆದ ಮೇಲೆ ಕಾಣೆಯಾದರೆ, ಫ್ಲ್ಯಾಶ್ ಸವೆದಿರುವ ಸಂಭವವಿದೆ. ಆ ಸ್ಥಿತಿಯಲ್ಲಿ ಹೊಸದು ತೆಗೆದುಕೊಳ್ಳಿ ಎಂಬ ಸಲಹೆಗೆ ನಾನೂ ಸೇರುತ್ತೇನೆ.

ಹೊಸದನ್ನು ಕೊಳ್ಳುವುದಾದರೆ ಕಪ್ಪು ಪರದೆ ಬೇಡ, ವೆಬ್ ಪುಟದಲ್ಲಿ ನಿಭಾಯಿಸುವ ಸ್ವಿಚ್ ಇರಲಿ ಎಂದು ಅನಿಸುವುದು ಸಹಜ. ತಪ್ಪೇನಿಲ್ಲ. ಆದರೆ ಅವುಗಳಲ್ಲಿಯೂ ಅನೇಕವು ಬದಲಾವಣೆಯನ್ನು ಜಾರಿಗೊಳಿಸಲು ಒಂದು ಬಟನ್, ಶಾಶ್ವತವಾಗಿ ಉಳಿಸಲು ಇನ್ನೊಂದು ಬಟನ್ ಇಟ್ಟಿರುತ್ತವೆ. ಎರಡನೆಯದನ್ನು ಒತ್ತದಿದ್ದರೆ ಫಲ ಇದೇ. ಅಲ್ಲದೆ ವೆಬ್ ಪುಟಕ್ಕೆ ನೆಟ್‌ವರ್ಕ್ ಸರಿಯಿರಬೇಕು. ನೆಟ್‌ವರ್ಕೇ ಕೆಟ್ಟ ದಿನ ಒಳಹೋಗಲು ಉಳಿಯುವುದು ಕನ್ಸೋಲ್ ಒಂದೇ. ಸಂರಚನೆಯ ತಲೆನೋವೇ ಬೇಡವೆಂದು ಅಂಗಡಿಯ ಸಾದಾ ಸ್ವಿಚ್ ಹಾಕಿಕೊಳ್ಳುವ ದಾರಿಯನ್ನು ಮಾತ್ರ ನಾನು ಬಲವಾಗಿ ವಿರೋಧಿಸುತ್ತೇನೆ. ವಾರಕ್ಕೊಬ್ಬರಂತೆ ಬಂದುಹೋಗುವ ಅಪರಿಚಿತರ ಫೋನ್‌ಗಳು, ತೋಟದ ಬ್ಯಾಂಕ್ ವ್ಯವಹಾರ ನಡೆಯುವ ಕಂಪ್ಯೂಟರ್‌ಗಳು ಒಂದೇ ನೆಟ್‌ವರ್ಕಿನಲ್ಲಿ ಇರಬಾರದು. ಪ್ರಿಂಟರ್ ಹೆಸರು ಕಂಡದ್ದು ಸಣ್ಣ ಸಂಗತಿಯಂತೆ ತೋರಿದರೂ ನಿಮ್ಮ ಪತ್ರದಲ್ಲಿ ನನಗೆ ಅತಿ ಗಂಭೀರವಾಗಿ ಕಂಡದ್ದು ಅದೇ.

ಇನ್ವರ್ಟರ್ ಅಥವಾ ಯುಪಿಎಸ್ ಹಾಕಿದರೆ ಸಮಸ್ಯೆ ತೀರುತ್ತದಲ್ಲವೇ ಎಂದರೆ, ಮುಚ್ಚಿಹೋಗುತ್ತದೆ, ತೀರುವುದಿಲ್ಲ. ನಿಮ್ಮದು ಪಿಒಇ (ನೆಟ್‌ವರ್ಕ್ ಕೇಬಲ್ ಮೂಲಕವೇ ಉಪಕರಣಗಳಿಗೆ ವಿದ್ಯುತ್ ಕೊಡುವ ಸೌಲಭ್ಯ) ಇಲ್ಲದ ಸ್ವಿಚ್ ಆಗಿದ್ದರೆ ಅದಕ್ಕೆ 50 ವ್ಯಾಟ್‌ಗಿಂತ ಕಡಿಮೆ ಸಾಕು, ಸಣ್ಣ ಯುಪಿಎಸ್ ಬಹಳ ಹೊತ್ತು ಎಳೆಯುತ್ತದೆ. ಆದರೆ ಮರ ಬಿದ್ದು ಎರಡು ಮೂರು ದಿನ ಲೈನ್ ಬಾರದಿರುವುದು ನಮ್ಮ ಕಡೆ ಅಪರೂಪವಲ್ಲ. ಬ್ಯಾಟರಿ ಖಾಲಿಯಾದ ಗಳಿಗೆಯಲ್ಲಿ ಉಳಿಸದೆ ಬಿಟ್ಟದ್ದೆಲ್ಲ ಹೋಗುತ್ತದೆ. ಮೊದಲು ಉಳಿಸಿ, ಆಮೇಲೆ ಯುಪಿಎಸ್ ಹಾಕಿ. ಮನೆಯ ಇನ್ವರ್ಟರ್‌ಗೇ ಸೇರಿಸಿದ್ದರೆ ಅದರಲ್ಲಿ ಯುಪಿಎಸ್ ಮೋಡ್ ಎಂಬ ಆಯ್ಕೆ ಇದೆಯೇ ನೋಡಿ. ಸಾಧಾರಣ ಮೋಡ್‌ನಲ್ಲಿ ಕರೆಂಟ್ ಬದಲಾಗುವ ಕ್ಷಣದ ಅಂತರವೇ ಸ್ವಿಚ್ ರೀಸ್ಟಾರ್ಟ್ ಆಗಲು ಸಾಕಾಗಬಹುದು.

ಸಿಡಿಲಿನ ಬಗ್ಗೆಯೂ ಎರಡು ಮಾತು. ಹೂಮಳೆಯಿಂದ ಮೇ ಕೊನೆಯವರೆಗಿನ ಗುಡುಗಿನ ಕಾಲ ಜೂನ್ ನಂತರದ ಸುರಿಮಳೆಗಿಂತ ನೆಟ್‌ವರ್ಕ್ ಉಪಕರಣಗಳಿಗೆ ಹೆಚ್ಚು ಅಪಾಯಕಾರಿ. ಗುಡುಗು ಕೇಳಿಸುತ್ತಿರುವಾಗ ಕನ್ಸೋಲ್ ಕೇಬಲ್ ಮುಟ್ಟಬೇಡಿ. ಬೇರೆ ದಿನಗಳಲ್ಲಿಯೂ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಕೆಲಸ ಮಾಡಿ. ಕನ್ಸೋಲ್ ಕೇಬಲ್‌ನ ಒಂದು ತಂತಿ ಎರಡೂ ಯಂತ್ರಗಳ ಗ್ರೌಂಡನ್ನು ಕೂಡಿಸುವುದರಿಂದ, ಅರ್ಥಿಂಗ್ ಸರಿಯಿಲ್ಲದ ಹಳೆಯ ಬಂಗಲೆಗಳಲ್ಲಿ ಅದರ ಮೂಲಕ ಬೇಡದ ವಿದ್ಯುತ್ ಹರಿಯಬಹುದು. ಕಣದ ಕ್ಯಾಮೆರಾಗಳಿಗೆ ಕಚೇರಿಯಿಂದ ಎಳೆದಿರುವುದು ತಾಮ್ರದ ಕೇಬಲ್ ಆಗಿದ್ದರೆ, ಹೊಸ ಸ್ವಿಚ್‌ಗೆ ಇಡುವ ಹಣದಲ್ಲಿ ಆ ಒಂದು ಎಳೆಯನ್ನು ಲೋಹವಿಲ್ಲದ ಫೈಬರ್‌ಗೆ ಬದಲಿಸಿ, ಎರಡೂ ತುದಿಗೆ ಫೈಬರನ್ನು ತಾಮ್ರದ ಕೇಬಲ್‌ಗೆ ಹೊಂದಿಸುವ ಮೀಡಿಯಾ ಕನ್ವರ್ಟರ್ ಹಾಕಿಸುವುದು ಮೇಲು. ಗಾಜಿನ ಎಳೆಯಲ್ಲಿ ಸಿಡಿಲಿನ ಹೊಡೆತ ಕಟ್ಟಡದಿಂದ ಕಟ್ಟಡಕ್ಕೆ ಹರಿದುಬರುವುದಿಲ್ಲ.

ಟೆಕ್ನಿಷಿಯನ್ ದೂರದಿಂದಲೇ ಸರಿಪಡಿಸಿಕೊಡುತ್ತೇನೆ ಎಂದರೆ ದೂರದಿಂದ ಒಳಬರುವ ಹಳೆಯ ವಿಧಾನವಾದ ಟೆಲ್ನೆಟ್ ಬೇಡ, ಎಲ್ಲವನ್ನೂ ಗೂಢಲಿಪಿಯಲ್ಲಿ ಕಳುಹಿಸುವ ಎಸ್‌ಎಸ್‌ಎಚ್ ಮೂಲಕ ಬರಲಿ. ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಬಿಚ್ಚು ಅಕ್ಷರಗಳಲ್ಲಿ ಹರಿಯುತ್ತದೆ. ಅಪಾಯದ ಬದಲಾವಣೆಗೆ ಮುನ್ನ ಅವರು "ರೀಲೋಡ್ ಇನ್ 10" ಎಂದು ಕೊಡಲಿ: ಕೈ ತಪ್ಪಿ ಸಂಪರ್ಕ ಕಡಿದರೆ ಹತ್ತು ನಿಮಿಷದಲ್ಲಿ ಸ್ವಿಚ್ ತಾನೇ ರೀಸ್ಟಾರ್ಟ್ ಆಗಿ ಹಳೆಯ ಸ್ಥಿತಿಗೆ ಬರುತ್ತದೆ, ಎಲ್ಲ ಸರಿಯಾದರೆ "ರೀಲೋಡ್ ಕ್ಯಾನ್ಸಲ್" ಎಂದು ನಿಲ್ಲಿಸಿ ಉಳಿಸಬಹುದು. ಸೋಮವಾರಪೇಟೆಯ ಆ ದಿನದ ನಂತರ ನಾನು ಇದನ್ನು ತಪ್ಪಿಸಿದ್ದಿಲ್ಲ.

ಉಳಿಸಿ, ಓದಿ ನೋಡಿದ ಮೇಲೆ ಉಳಿಯುವುದು ಪರೀಕ್ಷೆ. ಅತಿಥಿಗಳು ಹೊರಗೆ ಹೋಗಿರುವ, ಮಳೆಯಿಲ್ಲದ ಒಂದು ಮಧ್ಯಾಹ್ನ, ಟೆಕ್ನಿಷಿಯನ್ ಫೋನಿಗೆ ಸಿಗುತ್ತಾರೆ ಎಂದು ಖಚಿತ ಮಾಡಿಕೊಂಡು, ಸ್ವಿಚ್‌ನ ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ. ಕನ್ಸೋಲ್ ಜೋಡಿಸಿಯೇ ಇರಲಿ. ಅದು ಏಳುವಾಗ ಉದ್ದುದ್ದ ಸಾಲುಗಳು ಓಡುತ್ತವೆ. ಎಲ್ಲ ನಿಂತ ಮೇಲೆ ಆರಂಭಿಕ ಕಾನ್ಫಿಗರೇಷನ್ ಮಾಡಬೇಕೆ ಎಂಬ ಪ್ರಶ್ನೆ ಪರದೆಯಲ್ಲಿ ಬಂದರೆ ಅದಕ್ಕೆ ಯಾವ ಪ್ರತಿಯೂ ಸಿಕ್ಕಿಲ್ಲ ಎಂದರ್ಥ. "ನೋ" ಎಂದು ಉತ್ತರಿಸಿ ಟೆಕ್ನಿಷಿಯನ್‌ಗೆ ಫೋನ್ ಮಾಡಿ, ನಿಮ್ಮಲ್ಲಿರುವ ಮುದ್ರಿತ ಹಾಳೆ ಅವರ ಕೆಲಸವನ್ನು ಅರ್ಧ ಮಾಡುತ್ತದೆ. ಪಾಸ್‌ವರ್ಡ್ ಕೇಳಿದರೆ ಒಳಹೋಗಿ "ಶೋ ವಿಲ್ಯಾನ್ ಬ್ರೀಫ್" ನೋಡಿ. ಕ್ಯಾಮೆರಾಗಳ ಸಾಲಿನ ಎದುರು ಪೋರ್ಟ್‌ಗಳು ಮೊದಲಿನಂತೆಯೇ ನಿಂತಿದ್ದರೆ, ಮೊಬೈಲಿನಲ್ಲಿ ಕಣ ಕಂಡರೆ, ಹೊಸ ಸ್ವಿಚ್‌ನ ಹಣ ನಿಮ್ಮಲ್ಲೇ ಉಳಿಯಿತು.